ಗುಂಡುಸೂಜಿ ಇಲ್ಲದ ಸಾಲು

ನನ್ನ ನಾದಿನಿ ಡೆಲ್ಫಿಯಾ ಕಟ್ಲಿಪ್ ಒಂದು ಅಂಗುಲ ಬಟ್ಟೆಯಲ್ಲಿ ಹನ್ನೊಂದು ಹೊಲಿಗೆ ಹಾಕುತ್ತಿದ್ದಳು. ನಾನು ನಾಲ್ಕು ಹಾಕುತ್ತಿದ್ದೆ, ಅದೂ ಉಸಿರು ಬಿಗಿಹಿಡಿದು ಕೂತರೆ. ಇಂಥವರಿಬ್ಬರು ಒಂದೇ ಸೂರಿನಡಿ ಇಪ್ಪತ್ತೆರಡು ವರ್ಷ ಜಗಳವಿಲ್ಲದೆ ಹೇಗೆ ಬಾಳಿದಿರಿ ಎಂದು ಕೇಳುವವರಿದ್ದಾರೆ. ಜಗಳ ಇರಲಿಲ್ಲ ಎಂದು ಯಾರು ಹೇಳಿದರು? ಅವಳ ರಾಜ್ಯ ಮುಂದಿನ ಕೋಣೆ, ನನ್ನದು ಅಡುಗೆಮನೆ. ನಡುವಿನ ಬಾಗಿಲಿಗೆ ಕದವೇ ಇರಲಿಲ್ಲ. ಹಾಗಾಗಿ ಮುನಿಸಿಕೊಂಡು ಕದ ಬಡಿದುಕೊಳ್ಳುವ ಅನುಕೂಲ ಇಬ್ಬರಿಗೂ ಇರಲಿಲ್ಲ, ಅಷ್ಟೆ.

ಡ್ರೈ ಬ್ರಾಂಚ್ ಕಣಿವೆಯಲ್ಲಿ ಆಗ ಹದಿನಾಲ್ಕು ಮನೆಗಳಿದ್ದವು. ಹದಿನಾಲ್ಕರಲ್ಲೂ ಡೆಲ್ಫಿಯಾ ಹೊಲಿದ ಕೌದಿ ಇತ್ತು. ಮಗು ಹುಟ್ಟಲಿ, ಮದುವೆಯಾಗಲಿ, ಯಾರದಾದರೂ ಮನೆಗೆ ಬೆಂಕಿ ಬೀಳಲಿ, ಮೊದಲು ಹೋಗಿ ಸೇರುತ್ತಿದ್ದುದು ಅವಳ ಕೌದಿಯೇ. ಉದ್ದನೆಯ ಆಳು, ಸಣಕಲು ಮೈ, ಮಾತು ಕಡಿಮೆ. ಹತ್ತೊಂಬತ್ತನೇ ವಯಸ್ಸಿಗೆ ಬೆಟ್ಟದಾಚೆಯ ಉಣ್ಣೆ ಗಿರಣಿಗೆ ಕೆಲಸಕ್ಕೆ ಹೋಗಿದ್ದಳಂತೆ. ನೇಯ್ದು ಬಂದ ಬಟ್ಟೆಯನ್ನು ಬೆಳಕಿಗೆ ಹಿಡಿದು, ಎಲ್ಲಿ ಎಳೆ ತಪ್ಪಿದೆಯೋ ಅಲ್ಲಿ ಒಂದು ಗುಂಡುಸೂಜಿ ಚುಚ್ಚುವುದು ಅಲ್ಲಿ ಅವಳ ಕೆಲಸ. ಎರಡು ವರ್ಷ ಕಳೆಯುವಷ್ಟರಲ್ಲಿ ಅಪ್ಪ ಮರದಿಂದ ಬಿದ್ದು ಸೊಂಟ ಮುರಿದುಕೊಂಡರು, ಅವಳು ವಾಪಸ್ಸು ಬಂದಳು. ಆಮೇಲೆ ಅಪ್ಪ ತೀರಿಕೊಂಡರು. ಅಣ್ಣ ಹೋಬರ್ಟ್ ನನ್ನನ್ನು ಕಟ್ಟಿಕೊಂಡು ಬಂದ. ಅಮ್ಮನಿಗೆ ಕಿವಿ ಮಂದವಾಯಿತು. ಹೀಗೆ ಒಂದಾದ ಮೇಲೊಂದು ಕಾರಣ ಸಿಕ್ಕಿ ಅವಳು ಈ ಮನೆಯಲ್ಲೇ ಉಳಿದುಬಿಟ್ಟಳು. ಗಿರಣಿಯನ್ನು ಬಿಟ್ಟರೂ ಗುಂಡುಸೂಜಿಯನ್ನು ಬಿಡಲಿಲ್ಲ.

ನಮ್ಮ ಮುಂದಿನ ಕೋಣೆಯ ಸೂರಿಗೆ ನಾಲ್ಕು ಕೊಕ್ಕೆಗಳಿದ್ದವು. ಅವುಗಳಿಂದ ಇಳಿಬಿಟ್ಟ ಹಗ್ಗಗಳಿಗೆ ಕೌದಿಯ ಚೌಕಟ್ಟನ್ನು ಕಟ್ಟಿರುತ್ತಿದ್ದೆವು. ಹೊಲಿಯುವಾಗ ಹಗ್ಗ ಸಡಿಲಿಸಿ ಕೆಳಗಿಳಿಸುವುದು, ಊಟಕ್ಕೂ ನಿದ್ದೆಗೂ ಮತ್ತೆ ಸೂರಿಗೆ ಏರಿಸುವುದು. ನನ್ನ ಗಂಡ ಎತ್ತರದವನು, ಏರಿಸಿದಾಗಲೂ ಅದು ಅವನ ತಲೆಗೆ ತಾಗುತ್ತಿತ್ತು. "ಊರಿಗೆಲ್ಲ ಒಂದು ಆಕಾಶ, ನನಗೊಂದು ಬಟ್ಟೆ ಆಕಾಶ" ಎಂದು ಗೊಣಗುತ್ತ ಬಗ್ಗಿ ಓಡಾಡುತ್ತಿದ್ದ.

ಗುರುವಾರ ಮಧ್ಯಾಹ್ನ ಚರ್ಚಿನ ಹೆಂಗಸರು ಬಂದು ಚೌಕಟ್ಟಿನ ನಾಲ್ಕೂ ಕಡೆ ಕೂತು ಹೊಲಿಯುತ್ತಿದ್ದರು. ಯಾರ ಹೊಲಿಗೆ ಎಷ್ಟು ಸೊಟ್ಟಗಿದ್ದರೂ ಡೆಲ್ಫಿಯಾ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಕಾಫಿ ಕೊಟ್ಟು, ನಕ್ಕು, ಬಾಗಿಲವರೆಗೆ ಹೋಗಿ ಕಳಿಸಿ ಬರುವಳು. ಆಮೇಲೆ ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಚೌಕಟ್ಟಿನ ಸುತ್ತ ಒಂದು ಸುತ್ತು. ಅವಳಿಗೆ ಒಪ್ಪಿಗೆಯಾಗದ ಸಾಲಿನ ತಲೆಗೆ ಒಂದು ಗುಂಡುಸೂಜಿ. ಅಂಥ ಸಾಲುಗಳನ್ನು ಬಿಚ್ಚುವುದು ನನ್ನ ಪಾಲಿನ ಕೆಲಸ, ಮತ್ತೆ ಹೊಲಿಯುವುದು ಅವಳದು. ಮುಂದಿನ ಗುರುವಾರ ಬಂದ ಹೆಂಗಸು ತನ್ನ ಸಾಲಿನ ಜಾಗದಲ್ಲಿ ಡೆಲ್ಫಿಯಾಳ ಕೈ ಕಂಡು, ಅದರ ಮುಂದಿನ ವಾರ ಒಂದು ತಟ್ಟೆ ಬಿಸ್ಕತ್ತು ಹಿಡಿದು ಚೌಕಟ್ಟಿಗೆ ಕೂರದೆ ನೆಟ್ಟಗೆ ನನ್ನ ಅಡುಗೆಮನೆಗೆ ಬರುತ್ತಿದ್ದಳು. ಪಾದ್ರಿಯ ಹೆಂಡತಿಯೂ ಹಾಗೆ ಬಂದವರೇ. ನಾನಂತೂ ಮದುವೆಯಾದ ಮೂರನೇ ವಾರಕ್ಕೇ ಬಂದವಳು. ಎರಡು ದಿನ ಆಲೂಗಡ್ಡೆ ಹೆಚ್ಚುತ್ತ ಕಣ್ಣೀರು ಹಾಕಿದ್ದೆ, ಈರುಳ್ಳಿಯ ನೆಪವೂ ಇರಲಿಲ್ಲ. ಹೊಲಿಗೆ ಬಿಚ್ಚಿದರು ಎಂದರೆ 'ನೀನು ಇಲ್ಲಿಗೆ ಬೇಡ' ಎಂದರ್ಥ. ಕಣಿವೆಗೆಲ್ಲ ಅದು ಗೊತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಈಗ ಡೆನ್ಜಿಲ್ ಟೀಟರ್ ವಿಷಯಕ್ಕೆ ಬರುತ್ತೇನೆ. ಕೆಳಗಿನ ಹಳ್ಳದ ಬಳಿಯ ಮರ ಕೊಯ್ಯುವ ಮಿಲ್ಲಿನಲ್ಲಿ ಗರಗಸದ ಮುಂದೆ ನಿಲ್ಲುವವನು. ಐವತ್ತೆರಡು ವಯಸ್ಸು, ಹೆಂಡತಿ ತೀರಿಹೋಗಿ ಏಳು ವರ್ಷ, ಬಲಗೈಯ ತೋರುಬೆರಳಿನಲ್ಲಿ ಅರ್ಧವನ್ನು ಗರಗಸ ತಿಂದಿತ್ತು. ಪ್ರತಿ ಶನಿವಾರ ತನ್ನ ಹಳೇ ಲಾರಿಯಲ್ಲಿ ಮಿಲ್ಲಿನ ಸೌದೆ ತುಂಬಿಕೊಂಡು ಬಂದು ನಮ್ಮ ಹಿತ್ತಲಲ್ಲಿ ಸುರಿಯುತ್ತಿದ್ದ. ನಮ್ಮಲ್ಲಿ ಸೌದೆಗೇನೂ ಬರವಿರಲಿಲ್ಲ. ಹೋಬರ್ಟ್ ಅದನ್ನು ಉಪಕಾರ ಎಂದುಕೊಂಡ. ನನಗೆ ಎರಡನೇ ಶನಿವಾರವೇ ವಿಷಯ ತಿಳಿಯಿತು, ಏಕೆಂದರೆ ಅಂದು ಅವನು ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು ಬಂದಿದ್ದ. ಸೌದೆ ಇಳಿಸುವುದಕ್ಕೆ ಯಾರಾದರೂ ತಲೆ ಬಾಚುತ್ತಾರೆಯೇ?

ಅಕ್ಟೋಬರ್‌ನಲ್ಲಿ ಅವನು ಜಗಲಿಯ ಮೇಲೆ ನಿಂತು, ತನ್ನನ್ನು ಮದುವೆಯಾಗುತ್ತೀರಾ ಎಂದು ಡೆಲ್ಫಿಯಾಳನ್ನು ಕೇಳಿಯೇಬಿಟ್ಟ. ನಾನು ಕಿಟಕಿಯ ಈಚೆ ಬೀನ್ಸ್ ಬಿಡಿಸುತ್ತಿದ್ದೆ, ಕಿವಿಗೊಟ್ಟು ಕೇಳಿಸಿಕೊಂಡೆ ಎಂದು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಡೆಲ್ಫಿಯಾ, "ಈಗ ಕೈಲಿರೋ ಕೌದಿ ಚೌಕಟ್ಟಿಂದ ಇಳೀಲಿ, ಆಮೇಲೆ ಹೇಳ್ತೀನಿ" ಎಂದಳು.

ಅದು ಪಾದ್ರಿಯ ಮನೆಗೆಂದು ಹಿಡಿದ ಕೌದಿ. ಮೂರು ವಾರದಲ್ಲಿ ಒಂದು ಕೌದಿ ಮುಗಿಸುವವಳು, ಕ್ರಿಸ್‌ಮಸ್ ಬಂದು ಹೋದರೂ, ಹೊಸ ವರ್ಷ ಬಂದರೂ ಅದನ್ನೇ ಹೊಲಿಯುತ್ತಿದ್ದಳು. ಅರ್ಧ ಅಂಗುಲ ಹೊಲಿಯುವುದು, ಕಿಟಕಿಯಾಚೆ ನೋಡುತ್ತ ಕೂರುವುದು. ಒಂದು ದಿನ ತಡೆಯಲಾರದೆ ಕೇಳಿದೆ.

"ಅಲ್ಲ ಕಣೇ, ಅವನು ನಿನಗೆ ಬೇಡವಾದ್ರೆ ಬೇಡ ಅಂತ ಹೇಳು. ಪಾಪ, ಯಾಕೆ ಕಾಯಿಸ್ತೀಯ?"

"ಬೇಡ ಅಂತ ಯಾರು ಹೇಳಿದ್ರು?"

"ಹಾಗಾದ್ರೆ ಹೂಂ ಅನ್ನು."

"ನಲವತ್ತೇಳು ವರ್ಷದ ಕತ್ತೆ ನಾನು. ಕಾಫಿ ಹೀಗೇ ಇರ್ಬೇಕು, ಟವೆಲ್ಲು ಹೀಗೇ ಮಡಚಬೇಕು ಅಂತ ಸಾಯ್ತೀನಿ. ನನ್ನ ಜೊತೆ ಇರೋಕೆ ಆಗುತ್ತಾ ಇನ್ನೊಬ್ಬರಿಗೆ? ಅವರು ಒಂದು ಪಾತ್ರೆ ಆಚೀಚೆ ಇಟ್ರೂ ನಾನು ಎದ್ದು ಸರಿ ಮಾಡೋಳು."

"ನನ್ನ ಜೊತೆ ಇಲ್ವಾ?"

"ನೀನು ಅಡುಗೆಮನೇಲಿದ್ದೀಯ, ಅತ್ತಿಗೆ."

ಅವಳು ಹೋಗಲಿ, ಸುಖವಾಗಿರಲಿ ಎಂದು ನನಗೆ ಮನಸಾರೆ ಆಸೆಯಿತ್ತು. ಅವಳು ಹೋದರೆ ಮುಂದಿನ ಕೋಣೆಯಲ್ಲಿ ಯಾರೂ ಇರುವುದಿಲ್ಲವಲ್ಲ ಎಂದು ಸಂಕಟವೂ ಆಗುತ್ತಿತ್ತು. ಎರಡೂ ನಿಜವೇ.

ಫೆಬ್ರವರಿಯ ಒಂದು ಶುಕ್ರವಾರ, ಮಾರನೆಯ ದಿನ ಹವೆ ಕೆಡುತ್ತದೆಂದು ಡೆನ್ಜಿಲ್ ಒಂದು ದಿನ ಮೊದಲೇ ಸೌದೆ ತಂದ. ಹವೆ ಅವನಿಗಿಂತ ಅವಸರದಲ್ಲಿತ್ತು. ಸೌದೆ ಇಳಿಸುವಷ್ಟರಲ್ಲೇ ಹಿಮ ಸುರಿಯತೊಡಗಿ, ಕತ್ತಲಾಗುವ ಮೊದಲೇ ರಸ್ತೆ ಮಾಯವಾಯಿತು. ಹೋಬರ್ಟ್ ಅವನಿಗೆ ಒಲೆಯ ಬಳಿ ಹಾಸಿಗೆ ಹಾಕಿಕೊಟ್ಟ. ಬೆಳಿಗ್ಗೆ ಎದ್ದರೆ ಕಿಟಕಿಯ ಅರ್ಧದವರೆಗೆ ಹಿಮ, ಲಾರಿ ಇದ್ದ ಕಡೆ ಒಂದು ಬಿಳಿ ದಿಬ್ಬ.

"ಗೊರಕೆ ಹೊಡೀತಾನಲ್ಲ ಮಾರಾಯ" ಎಂದರು ನನ್ನ ಅತ್ತೆ ಅಲ್ಮೀಡಾ, ಬಕ್‌ವೀಟ್ ಹಿಟ್ಟಿನ ದೋಸೆಗೆ ಸೇಬಿನ ಮುರಬ್ಬ ಸವರುತ್ತ. "ನನಗೇ ಕೇಳಿಸ್ತು ಅಂದ್ರೆ ನೀನೇ ಲೆಕ್ಕ ಹಾಕು."

ಡೆನ್ಜಿಲ್‌ನ ಕಿವಿ ಕೆಂಪಗಾಯಿತು. ಡೆಲ್ಫಿಯಾ ಕಾಫಿ ಬಟ್ಟಲಿನ ಹಿಂದೆ ನಕ್ಕದ್ದನ್ನು ನಾನು ನೋಡಿದೆ.

ಹಿಮ ಬಿದ್ದ ದಿನ ನಮ್ಮಲ್ಲಿ ಯಾರೂ ಆತುರಪಡುವುದಿಲ್ಲ. ಹೋಗಬೇಕಾದ ಕಡೆ ಹೋಗುವಂತಿಲ್ಲ, ಬರಬೇಕಾದವರು ಬರುವಂತಿಲ್ಲ, ಹಾಗಾಗಿ ಯಾವ ತಪ್ಪೂ ನಮ್ಮದಲ್ಲ. ಅತ್ತೆ ಇಸ್ಪೀಟೆಲೆ ಹರಡಿಕೊಂಡು ಒಬ್ಬರೇ ಆಡುತ್ತ, ತಮಗೆ ತಾವೇ ಮೋಸ ಮಾಡಿ ಗೆಲ್ಲುತ್ತಿದ್ದರು. ಹೋಬರ್ಟ್ ಬೀಜದ ಕ್ಯಾಟಲಾಗು ತೆಗೆದು, ನಾವು ಎಂದೂ ಬೆಳೆಯದ ಕಲ್ಲಂಗಡಿಗಳ ಚಿತ್ರ ನೋಡಿ ಮುಗಿಸಿ, ಡೆನ್ಜಿಲ್‌ನನ್ನು ಚೆಕರ್ಸ್ ಆಟಕ್ಕೆ ಎಳೆದ. ಆರು ಕಾಯಿ ಕಳೆದುಹೋಗಿ ಎಷ್ಟೋ ವರ್ಷವಾಗಿತ್ತು, ಅವುಗಳ ಜಾಗಕ್ಕೆ ಮೆಕ್ಕೆಜೋಳದ ಕಾಳುಗಳಿದ್ದವು. ಡೆಲ್ಫಿಯಾ ಚೌಕಟ್ಟು ಇಳಿಸಿ, ಕಿಟಕಿಯ ಕಡೆ ಕೂತು ಹೊಲಿಯತೊಡಗಿದಳು. ನಾನು ಒಲೆಯ ಮೇಲೆ ಬೀನ್ಸ್ ಕಾಳೂ ಹಂದಿಮಾಂಸವೂ ಇಟ್ಟು, ಕದವಿಲ್ಲದ ಬಾಗಿಲಿನಿಂದ ಎಲ್ಲರ ಮೇಲೂ ಒಂದು ಕಣ್ಣಿಟ್ಟಿದ್ದೆ.

ಡೆನ್ಜಿಲ್ ಮೂರು ಆಟ ಸೋತ. ಮೂರನೆಯದರಲ್ಲಿ ತನ್ನ ಕಾಯಿ ಎಂದುಕೊಂಡು ಹೋಬರ್ಟ್ ತಿನ್ನಲು ಇಟ್ಟುಕೊಂಡಿದ್ದ ಹುರಿಗಾಳನ್ನು ನಡೆಸಿದ. ಅವನ ಗಮನವೆಲ್ಲ ಕಿಟಕಿಯ ಕಡೆಗಿತ್ತು. ಕೊನೆಗೆ ಎದ್ದು ಚೌಕಟ್ಟಿನ ಹತ್ತಿರ ಬಂದು ನಿಂತ.

"ಇನ್ನೆಷ್ಟು ಬಾಕಿ ಇದೆ, ಡೆಲ್ಫಿಯಾ ಅವರೇ?"

"ಎರಡು ಸಾಲು. ಆಮೇಲೆ ಅಂಚು."

"ಕ್ರಿಸ್‌ಮಸ್‌ನಲ್ಲೂ ಎರಡು ಸಾಲು ಅಂದಿದ್ರಿ."

"ಅದು ಬೇರೆ ಎರಡು ಸಾಲು."

"ಹಾಗಾದ್ರೆ ನನಗೂ ಒಂದು ಸೂಜಿ ಕೊಡಿ" ಎಂದ ಡೆನ್ಜಿಲ್. "ಇಬ್ಬರು ಕೂತ್ರೆ ಬೇಗ ಮುಗಿಯುತ್ತೆ. ನೀವು ಹೂಂ ಅಂತೀರೋ ಊಹೂಂ ಅಂತೀರೋ, ನನಗೂ ಗೊತ್ತಾಗ್ಬೇಕಲ್ಲ."

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಹೋಬರ್ಟ್ ಕಾಳು ಅಗಿಯುವುದನ್ನು ಬಿಟ್ಟ. ನಮ್ಮ ಕಣಿವೆಯಲ್ಲಿ ಗಂಡಸೊಬ್ಬ ಕೌದಿಯ ಚೌಕಟ್ಟಿಗೆ ಕೂತದ್ದನ್ನು ನಾನು ಕಂಡಿರಲಿಲ್ಲ, ಕೇಳಿರಲಿಲ್ಲ. ಡೆಲ್ಫಿಯಾ ಅವನ ಬಲಗೈ ನೋಡಿದಳು.

"ಈ ಬೆರಳು ಇಟ್ಕೊಂಡಾ?"

"ಉಳಿದ ಒಂಬತ್ತೂ ಸರಿಯಾಗೇ ಇವೆ."

ಅವಳು ಪಕ್ಕದ ಕುರ್ಚಿಯನ್ನು ಎಳೆದುಕೊಟ್ಟಳು. ಸೂಜಿಗೆ ದಾರ ಪೋಣಿಸಿ ಅವನ ಕೈಗಿಟ್ಟಳು. ಮೇಲಿಂದ ಹೇಗೆ ಚುಚ್ಚಬೇಕು, ಕೆಳಗಿನ ಕೈ ಬೆರಳಿಗೆ ಸೂಜಿಯ ಮೊನೆ ತಾಗಿದ ಕೂಡಲೇ ಹೇಗೆ ಮೇಲಕ್ಕೆ ತಿರುಗಿಸಬೇಕು ಎಂದು ತೋರಿಸಿಕೊಟ್ಟಳು. ಡೆನ್ಜಿಲ್ ಕೂತ ರಭಸಕ್ಕೆ ಮಂಡಿ ತಾಗಿ ಚೌಕಟ್ಟು ಪೂರ್ತಿ ಉಯ್ಯಾಲೆಯಾಡಿತು. ಅದರ ಕೆಳಗೆ ಮಲಗಿದ್ದ ಬೆಕ್ಕು ಎದ್ದು ನನ್ನ ಬಳಿಗೆ ಓಡಿಬಂತು.

ಆಮೇಲಿನ ಎರಡು ಗಂಟೆಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಆ ಗಂಡಸು ಬೆವರುತ್ತಿದ್ದ. ಹೊರಗೆ ಸೊಂಟದೆತ್ತರ ಹಿಮ, ಒಳಗೆ ಅವನು ಕರವಸ್ತ್ರದಿಂದ ಹಣೆ ಒರೆಸಿಕೊಳ್ಳುತ್ತಿದ್ದ.

"ಗರಗಸ ಆಗಿದ್ರೆ ಇಷ್ಟೊತ್ತಿಗೆ ಒಂದು ಓಕ್ ಮರ ಮುಗಿದಿರೋದು" ಎಂದ.

"ಮರಕ್ಕೆ ನೋವಾಗುತ್ತೆ ಅಂತ ನೀವು ಹೆದರಲ್ಲ, ಬಟ್ಟೆಗೆ ಹೆದರ್ತಿದ್ದೀರ" ಎಂದಳು ಡೆಲ್ಫಿಯಾ.

"ಬಟ್ಟೆಗಲ್ಲ ನಾನು ಹೆದರ್ತಿರೋದು."

ಅಷ್ಟರಲ್ಲಿ ಸೂಜಿ ಬೆರಳಿಗೆ ಚುಚ್ಚಿ, ಬಿಳಿ ಬಟ್ಟೆಯ ಮೇಲೆ ಒಂದು ಹನಿ ರಕ್ತ ಬಿತ್ತು. ಡೆನ್ಜಿಲ್‌ನ ಮುಖದಲ್ಲಿ ಒಂದು ಹನಿಯೂ ಉಳಿಯಲಿಲ್ಲ.

"ಎಂಜಲು ಹಚ್ಚಿ ಉಜ್ಜಿ" ಎಂದಳು ಡೆಲ್ಫಿಯಾ. "ನಿಮ್ದೇ ಹಚ್ಚಬೇಕು. ಇನ್ನೊಬ್ಬರದು ಹಚ್ಚಿದ್ರೆ ಕಲೆ ಹೋಗಲ್ಲ."

"ಪಾದ್ರಿಗಳ ಕೌದಿಗೆ ಉಗೀಲಾ?"

"ಉಗೀರಿ, ನಾನು ಹೇಳಲ್ಲ."

ಅವನು ಉಗುಳು ಹಚ್ಚಿ ಉಜ್ಜಿದ, ಕಲೆ ಹೋಯಿತು. ಇಬ್ಬರೂ ಸ್ಕೂಲು ಮಕ್ಕಳಂತೆ ನಕ್ಕರು. ಡೆಲ್ಫಿಯಾ ಹಾಗೆ ನಕ್ಕದ್ದನ್ನು ಅದಕ್ಕೂ ಮುಂಚೆ ನಾನು ಕಂಡಿರಲಿಲ್ಲ.

ನನಗೂ ಸುಮ್ಮನಿರಲಾಗಲಿಲ್ಲ. ಕೈ ಒರೆಸಿಕೊಳ್ಳುತ್ತ ಬಂದು ಅವನ ಹೆಗಲ ಮೇಲಿಂದ ಇಣುಕಿದೆ. "ಟೀಟರ್ ಅವರೇ, ಇದು ಹೊಲಿಗೆನೋ ಇಲ್ಲಾ ಬೇಲಿ ಗೂಟಾನೋ? ಎರಡರ ನಡುವೆ ಹಸು ದಾಟಿ ಹೋಗ್ಬಹುದು."

"ಅತ್ತಿಗೆ" ಎಂದಳು ಡೆಲ್ಫಿಯಾ, ತಲೆಯೆತ್ತದೆ, "ಒಲೆ ಮೇಲೆ ಏನೋ ಸೀಯ್ತಿದೆ."

ಓಡಿಹೋಗಿ ನೋಡಿದರೆ ಏನೂ ಸೀದಿರಲಿಲ್ಲ.

ಊಟ ಆಯಿತು. ಊಟದ ಮೇಲೆ ಅತ್ತೆ, ಹಿಮ ಬಿದ್ದಾಗಲೆಲ್ಲ ಮಾಡುವಂತೆ, ಹಿಮದ ಐಸ್‌ಕ್ರೀಮಿಗೆ ಆಜ್ಞೆ ಹೊರಡಿಸಿದರು. ಹೋಬರ್ಟ್ ದೊಡ್ಡ ಬೋಗುಣಿಯಲ್ಲಿ ಹೊಸ ಹಿಮ ತುಂಬಿಕೊಂಡು ಬಂದ, ನಾನು ಅದಕ್ಕೆ ಕೆನೆಹಾಲು, ಸಕ್ಕರೆ, ಒಂದು ಚಮಚ ವೆನಿಲಾ ಹಾಕಿ ಕಲಸಿದೆ. ವರ್ಷದ ಮೊದಲ ಹಿಮವನ್ನು ಹೀಗೆ ತಿನ್ನುವುದಿಲ್ಲ, ಗಾಳಿಯ ಕೊಳೆಯೆಲ್ಲ ಅದರಲ್ಲಿರುತ್ತದೆ. ಇದು ಆ ವರ್ಷದ ಐದನೆಯದು, ಸಕ್ಕರೆಯಷ್ಟೇ ಚೊಕ್ಕಟ. ಡೆನ್ಜಿಲ್ ಮೂರು ಬಟ್ಟಲು ತಿಂದು, ಹಲ್ಲು ಜುಮ್ಮೆಂದು ದವಡೆ ಹಿಡಿದುಕೊಂಡು, ಮತ್ತೆ ಹೋಗಿ ಸೂಜಿ ಹಿಡಿದ. ಮೂರು ಗಂಟೆಯ ಹೊತ್ತಿಗೆ ಅವನ ಒಂದು ಸಾಲು ಮುಗಿಯಿತು. ಒಂದು ಮೊಳ ಉದ್ದ.

ಅಷ್ಟರಲ್ಲಿ ಹಿಮ ನಿಂತಿತು. ಕೋಳಿಗೂಡಿನ ಮಾಡು ಭಾರಕ್ಕೆ ಕುಸಿದೀತೆಂದು ಹೋಬರ್ಟ್‌ಗೆ ಚಿಂತೆ. ಗಂಡಸರಿಬ್ಬರೂ ಸಲಿಕೆ ಹಿಡಿದು ಹೊರಟರು. ಅವರ ಹಿಂದೆಯೇ ಡೆಲ್ಫಿಯಾ ಬಕೆಟ್ಟು ಹಿಡಿದು ಕೊಟ್ಟಿಗೆಗೆ ಹೋದಳು. ಅತ್ತೆ ಇಸ್ಪೀಟೆಲೆಗಳ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದರು. ನಾನು ಮುಂದಿನ ಕೋಣೆಗೆ ಬಂದು ಚೌಕಟ್ಟಿನ ಮುಂದೆ ನಿಂತೆ.

ದೇವರೇ, ಅದೇನು ಸಾಲು! ಒಂದು ಹೊಲಿಗೆ ಮೆಕ್ಕೆಜೋಳದ ಕಾಳಿನಷ್ಟು, ಇನ್ನೊಂದು ಬೀನ್ಸ್ ಕಾಳಿನಷ್ಟು. ಸೀಮೆಸುಣ್ಣದ ಗೆರೆ ಒಂದು ದಾರಿ ಹಿಡಿದಿದ್ದರೆ ಅವನು ಇನ್ನೊಂದು ದಾರಿ ಹಿಡಿದಿದ್ದ. ನನ್ನ ಹೊಲಿಗೆ ಇದಕ್ಕಿಂತ ಎಷ್ಟೋ ವಾಸಿ ಎಂದು ಮೊದಲು ಖುಷಿಯಾಯಿತು, ಆಮೇಲೆ ಗಾಬರಿಯಾಯಿತು. ಡೆಲ್ಫಿಯಾ ಎದುರಿಗೆ ಏನೂ ಅನ್ನುವವಳಲ್ಲ. ಹಾಲು ಕರೆದು ಬಂದು, ಒಬ್ಬಳೇ ಕೂತು ಈ ಸಾಲನ್ನು ನೆಟ್ಟ ಕಣ್ಣಿನಿಂದ ನೋಡುತ್ತಾಳೆ. ಇಂಥ ಕೈಯವನ ಜೊತೆ ನನಗಾಗದು ಎಂದು ತೀರ್ಮಾನಿಸುತ್ತಾಳೆ. ಅಲ್ಲಿಗೆ ಮದುವೆ ಮುರಿದಂತೆಯೇ. ಅವಳು ಬರುವಷ್ಟರಲ್ಲಿ ಇದು ಇಲ್ಲಿ ಇರಬಾರದು.

ಸಾಲಿನ ತಲೆಯಲ್ಲಿ ಗುಂಡುಸೂಜಿ ಇರಲಿಲ್ಲ. ಅದು ನನ್ನ ಕಣ್ಣಿಗೆ ಬಿತ್ತು. ಪಾಪ, ಮರೆತಿದ್ದಾಳೆ ಎಂದುಕೊಂಡೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಮರೆಯದವಳು ಇವತ್ತು ಹೇಗೆ ಮರೆತಳು ಎಂದು ಒಂದು ಕ್ಷಣ 'ಯೋಚನೆ' ಎಂಬುದನ್ನು ಮಾಡಿದ್ದರೆ ಸಾಕಿತ್ತು. ನನ್ನ ಕೈ ನನಗಿಂತ ಮುಂದೆ ಓಡುತ್ತದೆ. ಹತ್ತು ನಿಮಿಷದಲ್ಲಿ ಆ ಸಾಲು ಪೂರ್ತಿ ನನ್ನ ಅಂಗೈಯಲ್ಲಿ ಒಂದು ದಾರದ ಉಂಡೆಯಾಗಿತ್ತು.

ಮೊದಲು ಒಳಗೆ ಬಂದವನು ಡೆನ್ಜಿಲ್. ಉದ್ದ ಹಿಡಿಯ ಪೊರಕೆ ಬೇಕಾಗಿತ್ತಂತೆ. ಬಂದವನ ಕಣ್ಣು ನೇರ ತನ್ನ ಸಾಲಿನ ಕಡೆಗೇ ಹೋಯಿತು. ತಾನು ಹೊಲಿದದ್ದನ್ನು ಇನ್ನೊಮ್ಮೆ ನೋಡುವ ಆಸೆ ಯಾರಿಗಿರುವುದಿಲ್ಲ? ಅಲ್ಲಿ ಸೂಜಿಯ ತೂತುಗಳು ಬಿಟ್ಟರೆ ಏನೂ ಇರಲಿಲ್ಲ. ಅವನು ಹಾಗೇ ನಿಂತ. ಬೂಟಿನ ಹಿಮ ಕರಗಿ ನನ್ನ ನೆಲದ ಮೇಲೆ ಹರಿಯುತ್ತಿತ್ತು, ನಾನು ಬೈಯಲಿಲ್ಲ.

"ಸರಿ" ಎಂದ. "ಅರ್ಥ ಆಯ್ತು."

"ಇಲ್ಲ, ಟೀಟರ್ ಅವರೇ, ಅದು ನಾನು ಬಿಚ್ಚಿದ್ದು!"

"ನೀವೇ ಬಿಚ್ಚೋದು ಅಂತ ಗೊತ್ತು, ರೀವಾ ಅವರೇ. ನಮ್ಮಕ್ಕನ ಸಾಲೂ ನೀವೇ ಬಿಚ್ಚಿದ್ರಿ. ಯಾರು ಹೇಳಿದ್ರೆ ಬಿಚ್ತೀರ ಅನ್ನೋದೂ ಗೊತ್ತು."

"ಅವಳು ಹೇಳಲಿಲ್ಲ! ನನ್ನಾಣೆ, ನಾನೇ ಸುಮ್ಮನೆ..."

"ನೀವು ಒಳ್ಳೆಯವರು" ಎಂದ. ಅವನ ದನಿಯಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ. "ಊಹೂಂ ಅನ್ನೋಕೆ ಅವರಿಗೆ ಬಾಯಿ ಬರಲಿಲ್ಲ, ಅಷ್ಟೆ. ಅವರ ರೀತೀಲಿ ಹೇಳಿದ್ರು. ಊಟ ಚೆನ್ನಾಗಿತ್ತು."

ಗೂಟದಲ್ಲಿದ್ದ ಕೋಟು ತೆಗೆದುಕೊಂಡ, ಟೊಪ್ಪಿ ಹಾಕಿಕೊಂಡ. ನಾಲ್ಕು ಮೈಲಿ ದಾರಿ, ಲಾರಿ ಹಿಮದೊಳಗೆ, ಇನ್ನೊಂದು ಗಂಟೆಯಲ್ಲಿ ಬೆಳಕೂ ಇರುವುದಿಲ್ಲ ಎಂದು ನಾನು ಬಡಕೊಂಡೆ. ಅವನು ಬಾಗಿಲು ಮೆಲ್ಲಗೆ ಎಳೆದುಕೊಂಡು ಹೊರಟುಹೋದ. ಆ ಬಾಗಿಲಿಗೆ ಕದವಿತ್ತು.

ನಾನು ಮನೆಯೊಳಗಿನ ಚಪ್ಪಲಿಯಲ್ಲೇ ಹಿತ್ತಲಿಗೆ ಓಡಿದೆ. ಎರಡು ಸಲ ಬಿದ್ದೆ, ಒಂದು ಚಪ್ಪಲಿ ಹಿಮದಲ್ಲೇ ಉಳಿಯಿತು. ಕೊಟ್ಟಿಗೆಯ ಬಾಗಿಲು ತಳ್ಳಿದಾಗ ಡೆಲ್ಫಿಯಾ ಹಸುವಿನ ಪಕ್ಕೆಗೆ ಹಣೆಯಾನಿಸಿ ಹಾಲು ಕರೆಯುತ್ತ, ಬಾಯೊಳಗೇ ಏನೋ ಹಾಡಿಕೊಳ್ಳುತ್ತಿದ್ದಳು.

"ಡೆಲ್ಫಿಯಾ, ನಾನು ಅವನ ಸಾಲು ಬಿಚ್ಚಿಬಿಟ್ಟೆ ಕಣೇ!"

ಹಾಡು ನಿಂತಿತು. "ಏನ್ ಮಾಡ್ದೆ?"

"ನೀನು ನೋಡಿದ್ರೆ ಬೇಡ ಅಂತೀಯ ಅಂದ್ಕೊಂಡು... ಅವನು ಬಂದು ನೋಡಿಬಿಟ್ಟ. ನೀನು ಬೇಡ ಅಂದೆ ಅಂದ್ಕೊಂಡ. ಹೊರಟುಹೋದ."

"ಗುಂಡುಸೂಜಿ ಇತ್ತಾ?"

"ಇರಲಿಲ್ಲ."

"ಇಲ್ದೇ ಇದ್ರೆ ಯಾಕೆ ಮುಟ್ಟಿದೆ?" ಅವಳು ಎದ್ದು ನಿಂತಳು. ಆ ದನಿಯನ್ನು ನಾನು ಇಪ್ಪತ್ತೆರಡು ವರ್ಷದಲ್ಲಿ ಕೇಳಿರಲಿಲ್ಲ, ಹಸುವೂ ಕೇಳಿರಲಿಲ್ಲವೆಂದು ಕಾಣುತ್ತದೆ, ಬಕೆಟ್ಟು ಒದ್ದುಬಿಟ್ಟಿತು. "ಯಾಕೆ ಮುಟ್ಟಿದೆ, ಅತ್ತಿಗೆ? ಇಷ್ಟು ವರ್ಷ ಎಲ್ಲರ ಸಾಲೂ ಬಿಚ್ಚಿ ಬಿಚ್ಚಿ ನನ್ನದೇ ಮಾಡ್ಕೊಂಡಿದ್ದೀನಿ. ಈ ಕಣಿವೇಲಿರೋ ಯಾವ ಕೌದಿ ಬೇಕಾದ್ರೂ ತೆಗೆದು ನೋಡು, ಈ ತುದಿಯಿಂದ ಆ ತುದಿಗೆ ನಾನೊಬ್ಬಳೇ. ಅದೊಂದು ಸಾಲು ಮಾತ್ರ ನನ್ನದಲ್ಲ ಅಂತ ಬೆಳಗ್ಗಿಂದ ಅದನ್ನೇ ನೋಡ್ತಾ ಕೂತಿದ್ದೆ. ಎಷ್ಟು ಸೊಟ್ಟಗಿದ್ರೂ ಬಿಚ್ಚಬೇಕು ಅನ್ನಿಸಲೇ ಇಲ್ಲ ನನಗೆ. ಹಾಗಾದ್ರೆ ನನ್ನ ಕೈಲಾಗುತ್ತೆ, ಇನ್ನೊಬ್ಬರ ಜೊತೆ ಇರೋಕೆ ಆಗುತ್ತೆ ಅಂತ..."

ಮಾತು ಮುಗಿಸದೆ ನನ್ನನ್ನು ಪಕ್ಕಕ್ಕೆ ತಳ್ಳಿ ಹೊರಗೆ ಬಂದಳು. ಡೆನ್ಜಿಲ್ ಆಗಲೇ ಬೇಲಿ ದಾಟಿ ಇಳಿಜಾರಿನಲ್ಲಿದ್ದ. ಸೊಂಟದವರೆಗಿನ ಹಿಮದಲ್ಲಿ ಒಂದೊಂದೇ ಕಾಲು ಎತ್ತಿ ಎತ್ತಿ ಇಡುತ್ತಿದ್ದ. ಡೆಲ್ಫಿಯಾ ಎರಡೂ ಕೈ ಬಾಯಿಗೆ ಹಿಡಿದಳು.

"ಡೆನ್ಜಿಲ್ ಟೀಟರ್!"

ಹಿಮ ಬಿದ್ದ ದಿನ ಕಣಿವೆಯಲ್ಲಿ ಸದ್ದು ಬಹಳ ದೂರ ಹೋಗುತ್ತದೆ. ಕೆಳಗಿನ ಮನೆಯ ನಾಯಿ ಬೊಗಳಿತು. ಯಾರೋ ಬಾಗಿಲು ತೆರೆದದ್ದೂ ಕೇಳಿಸಿತು. ಡೆನ್ಜಿಲ್ ತಿರುಗಿ ನಿಂತ.

"ಬಿಚ್ಚು ಅಂತ ನಾನು ಹೇಳಲಿಲ್ಲ!" ಎಂದು ಕೂಗಿದಳು, ಗುರುವಾರದ ಹೆಂಗಸರೆಲ್ಲ ಕೇಳಿಸಿಕೊಳ್ಳಲಿ ಎನ್ನುವ ಹಾಗೆ. "ಅದು ಹಾಗೇ ಇರಲಿ ಅಂತಿದ್ದೆ! ನಮ್ಮತ್ತಿಗೆಗೆ ಬುದ್ಧಿ ಇಲ್ಲ! ವಾಪಸ್ ಬಾ, ಬಂದು ಇನ್ನೊಂದ್ಸಲ ಹಾಕು!"

ನನ್ನ ಬುದ್ಧಿಯ ವಿಷಯ ಹದಿನಾಲ್ಕು ಮನೆಗೂ ತಿಳಿಯಿತು. ತಿಳಿದರೆ ತಿಳಿಯಲಿ. ಒಂದೇ ಚಪ್ಪಲಿಯಲ್ಲಿ ನಿಂತಿದ್ದ ನನಗೆ ಆಗ ಬೇಕಾಗಿದ್ದುದು ಒಂದೇ, ಅವನು ಒಂದು ಹೆಜ್ಜೆ ಈ ಕಡೆ ಇಡಬೇಕು. ಬಹಳ ಹೊತ್ತು ಹಾಗೇ ನಿಂತಿದ್ದ, ಆಮೇಲೆ ಇಟ್ಟ. ಕೋಳಿಗೂಡಿನ ಮಾಡಿನ ಮೇಲಿದ್ದ ಹೋಬರ್ಟ್, "ಪೊರಕೆ ತರ್ತೀನಿ ಅಂತ ಹೋದೋನು ಅಲ್ಲೆಲ್ಲಿಗೆ ಹೋಗ್ತಿದ್ದೀಯೋ?" ಎಂದು ಕೇಳುತ್ತಿದ್ದ.

ಡೆನ್ಜಿಲ್‌ನ ಪ್ಯಾಂಟು ಸೊಂಟದವರೆಗೆ ಹೆಪ್ಪುಗಟ್ಟಿತ್ತು. ಹೋಬರ್ಟ್‌ನ ಪ್ಯಾಂಟು ಹಾಕಿಕೊಂಡು, ಅದರ ತುದಿ ಎರಡು ಮಡಿಕೆ ಮಡಚಿ, ಮತ್ತೆ ಅದೇ ಕುರ್ಚಿಯಲ್ಲಿ ಕೂತ. ಡೆಲ್ಫಿಯಾ ದೀಪವನ್ನು ಹತ್ತಿರ ಎಳೆದಳು, ಸೂಜಿಗೆ ದಾರ ಪೋಣಿಸಿಕೊಟ್ಟಳು. ಅವನು ಹಳೇ ತೂತುಗಳ ಗುರುತು ಹಿಡಿದು ಹೊಲಿಯತೊಡಗಿದ. ಈ ಸಲ ಇನ್ನೂ ಸೊಟ್ಟಗೆ ಬರುತ್ತಿತ್ತು. ನಾನು ಬಾಗಿಲ ಬಳಿ ನಿಂತು ತುಟಿ ಕಚ್ಚಿಕೊಂಡಿದ್ದೆ, ಒಂದು ಮಾತೂ ಆಡಲಿಲ್ಲ. ನನ್ನ ಜೀವಮಾನದಲ್ಲೇ ಅದು ನಾನು ಮಾಡಿದ ಅತಿ ಕಷ್ಟದ ಕೆಲಸ.

"ಇದನ್ನ ಪಾದ್ರಿಗಳ ಮನೆಗೆ ಹೇಗೆ ಕೊಡ್ತೀರ?" ಎಂದ ಡೆನ್ಜಿಲ್, ಅರ್ಧ ಸಾಲಿಗೆ ಬಂದಾಗ. "ನೋಡಿದೋರು ನಗಲ್ವಾ?"

"ಅವರಿಗೆ ಬೇರೆ ಹೊಲೀತೀನಿ" ಎಂದಳು ಡೆಲ್ಫಿಯಾ. ತನ್ನ ಸೂಜಿಯನ್ನು ಅವನ ಸಾಲಿನ ಪಕ್ಕದಲ್ಲೇ ಊರಿ, ಹನ್ನೊಂದು ಹೊಲಿಗೆಯ ತನ್ನ ಸಾಲನ್ನು ಶುರುಮಾಡಿದಳು. "ಇದನ್ನ ಇನ್ನು ಯಾರಿಗೂ ಕೊಡೋ ಹಾಗಿಲ್ಲ. ನೀನೂ ನಾನೂ ಹೊದ್ದು ಹರೀಬೇಕು, ಅಷ್ಟೆ."

ಡೆನ್ಜಿಲ್‌ನ ಸೂಜಿ ನಿಂತಿತು. ಅವನು ಬಗ್ಗಿಸಿದ ತಲೆ ಎತ್ತಲಿಲ್ಲ, ಮೂಗು ಮಾತ್ರ ಒಂದು ಸಲ ಜೋರಾಗಿ ಎಳೆದುಕೊಂಡ. ಆಮೇಲೆ ಹುಡುಕಿ ಹುಡುಕಿ ಮುಂದಿನ ತೂತಿಗೆ ಸೂಜಿ ಇಟ್ಟ. ನಾನು ಹಾಲಿನ ಬಕೆಟ್ಟು ತೊಳೆಯಬೇಕೆಂದು ಅಡುಗೆಮನೆಗೆ ಹೋದೆ. ಅಲ್ಲಿ ಒಲೆಗೆ ಬೆನ್ನು ಹಾಕಿ ನಿಂತು, ನಗುತ್ತಲೇ ಅತ್ತುಬಿಟ್ಟೆ.